ಹಸುರಿಲ್ಲದ ಹೂಗಿಡದ ವೃತ್ತಾಂತ

ಗಿಡವೆಂದರೆ ಹಸುರಾಗಿರತಕ್ಕದ್ದು ಎಂಬುದು ಮಕ್ಕಳಿಗೂ ತಿಳಿದ ಮಾತು. ಬೇರು ನೆಲದಿಂದ ನೀರನ್ನು ಹೀರುವುದು. ಎಲೆಯು ಗಾಳಿಯಿಂದ ಅಂಗಾರಾಮ್ಲ ವಾಯುವನ್ನು ಸೆಳೆದುಕೊಳ್ಳುವುದು. ಎಲೆಯೊಳಗಣ ಹಸುರು ದ್ರವ್ಯವು ಸೂರ್ಯನ ಬೆಳಕಿನ ಸಹಾಯದಿಂದ ಇವೆರಡನ್ನೂ ಕೂಡಿಸಿ ಸಕ್ಕರೆಯ ಪಾಕವನ್ನು ಮಾಡುವುದು. ನಾವು ಉಣ್ಣುವ ರಾಗಿ, ಅಕ್ಕಿ, ಜೋಳ, ತೊಗರಿ, ಹಸುವಿನ ಹಾಲು, ಒಲೆಗೆ ಹಾಕುವ ಸೌದೆ, ಇವೆಲ್ಲವೂ ಈ ಅಡಿಗೆಯ ಫಲಗಳೇ. ಸಂಸ್ಕೃತದಲ್ಲಿ ಮರಕ್ಕೆ ‘ಪಾದಪ’ ಎಂಬ ಹೆಸರುಂಟು. ಪಾದದಿಂದ ಕುಡಿಯುವುದಾದುದರಿಂದ ಪಾದಪ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಈ ಶಬ್ದದ ವ್ಯುತ್ಪತ್ತಿಯನ್ನು ಕೇಳಿದೊಡನೆ ಹುಡುಗರ ಮುಖವರಳುತ್ತಿತ್ತು. ಕುಡಿಯುವುದು ಪಾದದಿಂದ ಸರಿ. ಆದರೆ ಉಣ್ಣುವುದು ಎಲೆಯಿಂದ. ಹೀಗಿರುವಲ್ಲಿ, ಎಲೆಯೇ ಇಲ್ಲದ, ಮೈಯಲ್ಲಿ ಹಸುರಿನ ಸುಳಿವೇ ಇಲ್ಲದ, ಬಿಸಿಲನ್ನು ಬಯಸದೆ ಕಗ್ಗಾಡಿನ ಕತ್ತಲೆಯಲ್ಲಿ ಅರಳುವ ಹೂಗಿಡವೊಂದು ಇರುವುದಾದರೆ, ಅದು ಏನನ್ನು ಉಂಡು ಬದುಕೀತು?

ಅಂತಹ ಗಿಡಗಳು ಉಂಟು. ಅವುಗಳಲ್ಲಿ ಅತ್ಯಂತ ವಿಚಿತ್ರವೂ ಅತ್ಯಂತ ವಿರಳವೂ ಆದ ಒಂದು ಕುಲದ ವೃತ್ತಾಂತವನ್ನು ಈ ಲೇಖನದಲ್ಲಿ ವಾಚಕರ ಮುಂದಿಡುವೆವು. ಅದರ ಹೆಸರು ಥಿಸ್ಮಿಯಾ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಮಾವಿನ ಕೊಂಬೆಯ ಮೇಲೆ ಕುಳಿತು ಅದರ ರಸವನ್ನೇ ಹೀರುವ ಬಂದಳಿಕೆಯನ್ನು ಓದುಗರು ಕಂಡೇ ಇರುವರು. ಅಮರಸಿಂಹನು ತನ್ನ ಕೋಶದಲ್ಲಿ ಇದಕ್ಕೆ ವಂದಾ, ವೃಕ್ಷಾದನೀ, ವೃಕ್ಷರುಹಾ ಎಂಬ ಹೆಸರುಗಳನ್ನು ಕೊಟ್ಟಿರುವನು. ವೃಕ್ಷಾದನೀ ಎಂದರೆ ಮರವನ್ನು ತಿನ್ನುವುದು. ಈ ಬಂದಳಿಕೆಗೆ ಬೇರು ಸ್ವಂತದ್ದಲ್ಲವಾದರೂ ಎಲೆ ಸ್ವಂತದ್ದು. ಅದು ನೀರನ್ನು ಕದ್ದರೂ ಅಡಿಗೆಯನ್ನು ತಾನೇ ಮಾಡಿಕೊಳ್ಳುವುದು. ಬೇಲಿಯ ಮೇಲೆ ಹಳದಿಯ ನೂಲಿನಂತೆ ಹಬ್ಬುವ ಎಲೆಯಿಲ್ಲದ ಬಳ್ಳಿಯಾದರೋ ಇನ್ನೂ ಮುಂದೆ ಹೋಗಿ, ನೀರನ್ನೂ ಅನ್ನವನ್ನೂ ಎರಡನ್ನೂ ಆಶ್ರಯದಾತನಿಂದಲೇ ಪಡೆಯುವುದು. ಇವೆರಡೂ ಮತ್ತೊಂದು ಗಿಡಕ್ಕೆ ನೇರವಾಗಿ ಬಾಯಿಟ್ಟು ಹೀರುವಂಥವು. ಥಿಸ್ಮಿಯಾ ಹಾಗಲ್ಲ. ಅದು ಯಾವ ಮರದ ಬೇರನ್ನೂ ಕಚ್ಚುವುದಿಲ್ಲ. ಅದರ ಆಹಾರ ಶಿಲೀಂಧ್ರ, ಎಂದರೆ ಅಣಬೆ, ನಾಯಿಕೊಡೆ, ಬೂಷ್ಟುಗಳ ಜಾತಿಯ ಜೀವ. ಅಮರನ ಮಾದರಿಯನ್ನು ಅನುಸರಿಸಿ ನಾವು ಇದನ್ನು ‘ಶಿಲೀಂಧ್ರಾದನೀ’ ಎಂದು ಕರೆಯಬಹುದು.

ಲೋಕದಲ್ಲಿ ಅಣಬೆಯು ಗಿಡವನ್ನು ತಿನ್ನುವುದೇ ವಾಡಿಕೆ. ಬಿದ್ದ ಮರವನ್ನು ಅಣಬೆ ಕೊಳೆಸುವುದು. ಅಡಿಕೆಗೆ ಕೊಳೆರೋಗ ಬರುವುದೂ, ಇಟ್ಟ ರೊಟ್ಟಿಗೆ ಬೂಷ್ಟು ಹಿಡಿಯುವುದೂ ಇಂತಹ ಸೂಕ್ಷ್ಮಜೀವಿಗಳಿಂದಲೇ. ಇಲ್ಲಿ ಆ ಕ್ರಮ ತಿರುಗುಮುರುಗಾಗಿರುವುದು. ಹೂವು ಬಿಡುವ ಗಿಡವೇ ಶಿಲೀಂಧ್ರವನ್ನು ಉಂಡು ಜೀವಿಸುವುದು.

ಈ ಕುಲಕ್ಕೆ ಮೊಟ್ಟಮೊದಲು ಹೆಸರಿಟ್ಟವನು ವಿಲಿಯಂ ಗ್ರಿಫಿತ್ ಎಂಬ ಆಂಗ್ಲ ಪಂಡಿತ. ಈತನು ೧೮೩೨ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿ ಮದರಾಸಿಗೆ ಬಂದು ಇಳಿದವನು. ಔಷಧಿಗಿಂತಲೂ ಓಷಧಿಗಳಲ್ಲೇ ಇವನಿಗೆ ಹೆಚ್ಚು ಆಸಕ್ತಿ. ಅಸ್ಸಾಮು, ಬರ್ಮಾ, ಮಲಾಕ್ಕಾಗಳ ಕಾಡುಗಳಲ್ಲಿ ಅಲೆದು, ೩೫ ವರ್ಷ ತುಂಬುವುದರೊಳಗೆ ೧೮೪೫ರಲ್ಲಿ ಮಲಾಕ್ಕಾದಲ್ಲಿ ಮಡಿದನು. ಬರ್ಮಾದ ತೆನಾಸೆರಿಮ್ ಪ್ರಾಂತದಲ್ಲಿ ತನಗೆ ದೊರೆತ ಒಂದು ಪುಟ್ಟ ಗಿಡವನ್ನು ಆತನು ೧೮೪೪ರಲ್ಲಿ ವರ್ಣಿಸಿದನು. ಸೂಕ್ಷ್ಮದರ್ಶಕ ಯಂತ್ರದಲ್ಲಿ ಪರಿಶ್ರಮವುಳ್ಳ ಥಾಮಸ್ ಸ್ಮಿತ್ ಎಂಬಾತನ ಗೌರವಾರ್ಥವಾಗಿ, ಸ್ಮಿತ್ ಎಂಬ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಜೋಡಿಸಿ ‘ಥಿಸ್ಮಿಯಾ’ ಎಂದು ನಾಮಕರಣ ಮಾಡಿದನು. ನಮ್ಮ ಕವಿಗಳ ಶಬ್ದಚಮತ್ಕಾರವನ್ನು ಬಲ್ಲವರಿಗೆ ಇದು ಸೋಜಿಗವೆನಿಸದು. ಈಗ ಈ ಕುಲದಲ್ಲಿ ಸುಮಾರು ನೂರು ಜಾತಿಗಳು ಗೊತ್ತಾಗಿರುತ್ತವೆ. ಏಷ್ಯಾ ಖಂಡದ ಆಗ್ನೇಯ ದೇಶಗಳು, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಜಪಾನು, ಸಿಂಹಳ ಮುಂತಾದೆಡೆಗಳಲ್ಲಿ ಅವು ಹರಡಿರುವುವು. ಆದರೆ ಹೆಚ್ಚಿನವು ಒಂದೆರಡು ಸ್ಥಳಗಳಲ್ಲಿ ಮಾತ್ರವೇ ಕಂಡುಬಂದಂಥವು.

ಗಿಡದ ರೂಪವನ್ನು ಹೇಳುವೆವು. ವರ್ಷದ ಬಹುಭಾಗ ಅದು ನೆಲದೊಳಗೆ ಬೆಳ್ಳನೆಯ ಬೇರುಗಳ ರೂಪದಲ್ಲಿಯೇ ಇರುವುದು. ಕೆಲವು ಜಾತಿಗಳಲ್ಲಿ ಈ ಬೇರುಗಳು ಹುಳುಗಳಂತೆ ಹರಿದಿದ್ದರೆ, ಕೆಲವುಗಳಲ್ಲಿ ಹವಳದ ಕವಲುಗಳಂತೆ ಗುಂಪುಗೂಡಿರುವುವು. ತೇವವು ಕೂಡಿಬಂದ ಕೆಲವೇ ವಾರಗಳಲ್ಲಿ ತರಗೆಲೆಗಳ ನಡುವಿನಿಂದ ಒಂದು ಬೆರಳಿನುದ್ದದ, ಎಷ್ಟೋ ವೇಳೆ ಅದಕ್ಕೂ ಗಿಡ್ಡನೆಯ, ಕಾಂಡವೊಂದು ಮೇಲೇಳುವುದು. ಅದರ ಮೇಲೆ ಎಲೆಗಳಿಗೆ ಬದಲಾಗಿ ಸಣ್ಣ ಹೊಪ್ಪಳೆಗಳು. ತುದಿಯಲ್ಲಿ ಹೂಜಿಯಂತೆ ಹೊಟ್ಟೆಯುಬ್ಬಿದ ಒಂದು ಹೂವು. ಹೂವಿಗೆ ಆರು ದಳಗಳು; ಕೆಲವುಗಳಲ್ಲಿ ಒಳಗಣ ಮೂರು ದಳಗಳ ತುದಿ ಕೂಡಿಕೊಂಡು ಕಿರೀಟದಂತೆ ಗೋಪುರ ಕಟ್ಟುವುವು; ಮತ್ತೆ ಕೆಲವುಗಳಲ್ಲಿ ದಳದ ತುದಿಯಿಂದ ಮೀಸೆಯಂತಹ ಉದ್ದನೆಯ ಎಳೆಗಳು ಮೇಲಕ್ಕೆ ಚಾಚಿರುವುವು. ಕೇಸರಗಳು ಹೂಜಿಯ ಬಾಯಿಂದ ಒಳಕ್ಕೆ ತಲೆಕೆಳಗಾಗಿ ತೂಗುವುವು. ಬಣ್ಣವು ಬಿಳುಪು, ಕಿತ್ತಳೆ, ಕೆಂಪು, ಕಂದು, ನೀಲಿ ಮಿಶ್ರವಾದ ಹಸುರುಛಾಯೆ, ಹೀಗೆ ನಾನಾ ಬಗೆ. ಇಂಗ್ಲಿಷರು ಇವನ್ನು ‘ಯಕ್ಷಿಣಿಯರ ಕಂದೀಲು’ ಎಂಬರ್ಥದ ಹೆಸರಿನಿಂದ ಕರೆಯುವರು. ಜಪಾನೀಯರು ತಮ್ಮಲ್ಲಿಯ ಒಂದು ಜಾತಿಯನ್ನು ‘ತನುಕಿಯ ದೀಪದ ಕಂಬ’ ಎನ್ನುವರು. ತನುಕಿಯೆಂಬುದು ಅವರ ಕಟ್ಟುಕಥೆಗಳಲ್ಲಿ ವೇಷ ಬದಲಿಸಿ ಜನರನ್ನು ಮೋಸಗೊಳಿಸುವ ಒಂದು ಕಾಡುಪ್ರಾಣಿ. ಹಸುರಿಲ್ಲದೆ ಹೂವು ಬಿಟ್ಟು ನೋಡುವವರನ್ನು ಬೆರಗುಗೊಳಿಸುವ ಗಿಡಕ್ಕೆ ಈ ಹೆಸರು ಒಪ್ಪುತ್ತದೆ.

ಈ ಕಂದೀಲಿನೊಳಗೆ ಹೋಗುವವು ನೊರಜುಗಳು. ಅಣಬೆಗಳ ಮೇಲೆ ಮೊಟ್ಟೆಯಿಡುವ ಒಂದು ಬಗೆಯ ಸಣ್ಣ ನೊರಜುಗಳು ಇವುಗಳ ಕೆಲವು ಜಾತಿಗಳಲ್ಲಿ ಪರಾಗವನ್ನು ಒಯ್ಯುವುದನ್ನು ಕಂಡಿರುವರು. ಹೂವು ಬಾಡಿದ ಮೇಲೆ ಬಟ್ಟಲಿನಂತಹ ಕಾಯಿ ನಿಲ್ಲುವುದು. ಹಾಂಗ್‌ಕಾಂಗಿನಲ್ಲಿ ದೊರೆತ ಒಂದು ಜಾತಿಯಲ್ಲಿ ಮಳೆಯ ಹನಿಯು ಈ ಬಟ್ಟಲೊಳಗೆ ಬಿದ್ದಾಗ ಧೂಳಿನಂತಹ ಬೀಜಗಳು ಸಿಡಿದು ಹೊರಬೀಳುವುವು. ಈ ಬೀಜದಲ್ಲಿ ಬುತ್ತಿಯೆಂಬುದು ಇಲ್ಲವೆನ್ನಬಹುದು. ಅವರೆಯ ಕಾಳಿನಲ್ಲಿ ಮೊಳಕೆಗೆ ಬೇಕಾದಷ್ಟು ಆಹಾರವನ್ನು ತಾಯಿಗಿಡವು ಕಟ್ಟಿಕೊಟ್ಟಿರುವುದಷ್ಟೆ, ಇಲ್ಲಿ ಅದಿಲ್ಲ. ತನಗೆ ತಕ್ಕ ಶಿಲೀಂಧ್ರವು ಬಿದ್ದ ಜಾಗದಲ್ಲಿಯೇ ಸಿಕ್ಕಿದರೆ ಬೀಜಕ್ಕೆ ಬಾಳು; ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಈಗ ಇದರ ಊಟದ ವಿಷಯ. ಎಷ್ಟೋ ಕಾಲ ವಿದ್ವಾಂಸರು ಇಂತಹ ಗಿಡಗಳು ಕೊಳೆತ ಎಲೆಗಳ ಸಾರವನ್ನು ತಾವೇ ಹೀರುವುವೆಂದು ಭಾವಿಸಿದ್ದರು. ೧೮೮೦ರ ಈಚೆಗೆ ಪೋಲೆಂಡಿನ ಫ್ರಾಂಚಿಷೆಕ್ ಕಾಮಿಯೆನ್‌ಸ್ಕಿ ಎಂಬ ಸಸ್ಯಶಾಸ್ತ್ರಜ್ಞನು ಯೂರೋಪಿನ ಮೊನೊಟ್ರೋಪ ಎಂಬ ಹಸುರಿಲ್ಲದ ಗಿಡವನ್ನು ಪರೀಕ್ಷಿಸಿ, ಅದರ ಬೇರುಗಳನ್ನು ಶಿಲೀಂಧ್ರವು ಸಂಪೂರ್ಣವಾಗಿ ಕವಿದುಕೊಂಡಿರುವುದನ್ನು ಕಂಡನು. ಬೇರಿಗೂ ಮಣ್ಣಿಗೂ ನಡುವೆ ಶಿಲೀಂಧ್ರದ ಹೊದಿಕೆ ಇರುವಲ್ಲಿ, ಗಿಡವು ಏನನ್ನು ಪಡೆದರೂ ಆ ಹೊದಿಕೆಯ ಮೂಲಕವೇ ಪಡೆಯಬೇಕು ಎಂಬುದು ಅವನ ತರ್ಕ. ತರುವಾಯ ೧೮೮೫ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ಪಂಡಿತನು, ನೆಲದೊಳಗೆ ಬೆಳೆಯುವ ಟ್ರಫಲ್ ಎಂಬ ಬೆಲೆಯುಳ್ಳ ಅಣಬೆಯನ್ನು ಬೇಸಾಯ ಮಾಡಬಹುದೇ ಎಂದು ವಿಚಾರಿಸಲು ಸರಕಾರದಿಂದ ನೇಮಕವಾಗಿ, ಹುಡುಕಿದ್ದನ್ನು ಬಿಟ್ಟು ಅದಕ್ಕಿಂತ ದೊಡ್ಡದೊಂದನ್ನು ಕಂಡುಕೊಂಡನು. ಕಾಡಿನ ಮರಗಳ ಬೇರುಗಳೇ ಶಿಲೀಂಧ್ರದೊಡನೆ ಕೂಡಿ ಒಂದೇ ಅಂಗವೆಂಬಂತೆ ಬಾಳುತ್ತಿರುವುವು. ಆತನು ಇದಕ್ಕೆ ಗ್ರೀಕು ಭಾಷೆಯಿಂದ ‘ಮೈಕೊರೈಜ’ ಎಂದು ಹೆಸರಿಟ್ಟನು. ‘ಶಿಲೀಂಧ್ರಮೂಲ’ ಎಂದು ನಾವು ಅನುವಾದಿಸಬಹುದು.

ಈ ಕೂಡುಬಾಳುವೆಯ ಮರ್ಮ ಹೀಗಿದೆ. ಶಿಲೀಂಧ್ರದ ಎಳೆಗಳು ಕೂದಲಿಗಿಂತ ಎಷ್ಟೋ ಪಾಲು ಸಣ್ಣವು. ಬೇರು ನುಗ್ಗಲಾರದ ಮಣ್ಣಿನ ಸಂದುಗಳಿಗೆ ಅವು ನುಗ್ಗಿ ರಂಜಕವನ್ನೂ ನೀರನ್ನೂ ತಂದು ಮರಕ್ಕೆ ಒಪ್ಪಿಸುವುವು. ಮರವಾದರೋ ಎಲೆಯಲ್ಲಿ ಬೇಯಿಸಿದ ಸಕ್ಕರೆಯ ಒಂದು ಪಾಲನ್ನು ಪ್ರತಿಫಲವಾಗಿ ಕೊಡುವುದು. ನೆಲದ ಮೇಲಣ ಸಸ್ಯಜಾತಿಗಳಲ್ಲಿ ನೂರಕ್ಕೆ ೮೦ಕ್ಕೂ ಹೆಚ್ಚು ಇಂತಹ ಯಾವುದಾದರೂ ಒಂದು ಕರಾರಿನಲ್ಲಿ ಸೇರಿರುವುವು. ನಮ್ಮ ಹೊಲದ ರಾಗಿ, ಜೋಳ, ತೋಟದ ಅಡಿಕೆ, ಹಿತ್ತಿಲ ಮಾವು ಇವೆಲ್ಲವೂ ಅದರೊಳಗೆ ಬಂದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯವಾಗಿ ಹಲವು ದಶಕಗಳಿಂದ ವ್ಯಾಸಂಗ ನಡೆದಿರುವುದು. ಸ್ಕಾಟ್ಲೆಂಡಿನ ಸುಮಾರು ೪೦ ಕೋಟಿ ವರ್ಷಗಳಷ್ಟು ಹಳೆಯ ಕಲ್ಲಿನಲ್ಲಿ ಕಲ್ಲಾಗಿ ಉಳಿದ ಗಿಡಗಳೊಳಗೂ ಈ ಶಿಲೀಂಧ್ರದ ಗುರುತುಗಳು ಕಂಡುಬಂದಿವೆ. ಮೇಘದೂತದಲ್ಲಿ ಕಾಳಿದಾಸನು, ಗುಡುಗಿನ ಧ್ವನಿಗೆ ಶಿಲೀಂಧ್ರಗಳು ತಲೆಯೆತ್ತಿ ಭೂಮಿಯ ಬಂಜೆತನ ನೀಗುವುದೆಂಬ ಭಾವವನ್ನು ಹೇಳಿರುವನು. ಕವಿಯು ಕಂಡದ್ದು ಮಳೆಗಾಲದ ಸೊಬಗನ್ನು; ಆದರೆ ಭೂಮಿಯ ಫಲವತ್ತತೆಗೂ ಶಿಲೀಂಧ್ರಕ್ಕೂ ಸಂಬಂಧವುಂಟೆಂಬುದು ಇಂದಿನ ಶಾಸ್ತ್ರಕ್ಕೂ ಸಮ್ಮತವೇ ಆಗಿರುತ್ತದೆ.

ಥಿಸ್ಮಿಯಾ ಈ ಕರಾರಿನ ನಡುವೆ ಬಂದು ಕುಳಿತುಕೊಂಡ ಗಿಡ. ಮರದಿಂದ ಸಕ್ಕರೆಯನ್ನು ಪಡೆದ ಶಿಲೀಂಧ್ರದ ಎಳೆಗಳು ಇದರ ಬೇರಿನೊಳಕ್ಕೆ ಪ್ರವೇಶಿಸಿ ಸುರುಳಿ ಸುತ್ತಿಕೊಳ್ಳುವುವು. ಕ್ರಮೇಣ ಗಿಡವು ಆ ಸುರುಳಿಗಳನ್ನು ಕರಗಿಸಿ ಜೀರ್ಣಿಸಿಕೊಳ್ಳುವುದು. ಹೀಗೆ ಮರದ ಎಲೆಯಲ್ಲಿ ಬಿಸಿಲಿನಿಂದ ಆದ ಅಡಿಗೆಯು ಶಿಲೀಂಧ್ರದ ಮೂಲಕ ಹಾದು, ಬಿಸಿಲನ್ನೇ ಕಾಣದ ಹೂವಿನ ಹೊಟ್ಟೆಯನ್ನು ಸೇರುವುದು. ಮರದಿಂದ ಹಸುರಿಲ್ಲದ ಗಿಡಕ್ಕೆ ಆಹಾರವು ಹೀಗೆ ಸಾಗುವುದೆಂಬುದನ್ನು ೧೯೬೦ರಲ್ಲಿ ಸ್ವೀಡನ್ ದೇಶದ ಬ್ಯೋರ್ಕ್‌ಮನ್ ಎಂಬಾತನು ಮೊನೊಟ್ರೋಪದ ಮೇಲೆ ಪ್ರಯೋಗ ನಡೆಸಿ ತೋರಿಸಿದನು. ಗುರುತು ಹಿಡಿಯಬಲ್ಲ ವಿಕಿರಣಶೀಲ ಅಂಗಾರವುಳ್ಳ ಸಕ್ಕರೆಯನ್ನು ಮರಗಳಿಗೆ ಚುಚ್ಚಿ ಸೇರಿಸಲು, ಅದು ಬಳಿಯಿದ್ದ ಮೊನೊಟ್ರೋಪದಲ್ಲಿ ಪ್ರತ್ಯಕ್ಷವಾಯಿತು.

ಪ್ರತಿಯಾಗಿ ಥಿಸ್ಮಿಯಾ ಶಿಲೀಂಧ್ರಕ್ಕೆ ಏನನ್ನಾದರೂ ಕೊಟ್ಟಂತೆ ಕಂಡುಬಂದಿಲ್ಲ. ಹಾಗಾದರೆ ಇದನ್ನು ಕಳ್ಳನೆನ್ನೋಣವೇ? ಪಾಶ್ಚಾತ್ಯರ ಗ್ರಂಥಗಳಲ್ಲಿ ಅಂತಹ ಮಾತು ಬರುವುದುಂಟು. ನಮಗೆ ಬೇರೊಂದು ಹೋಲಿಕೆ ತೋರುತ್ತದೆ. ಗೃಹಸ್ಥನನ್ನು ಆಶ್ರಯಿಸಿಯೇ ಉಳಿದ ಮೂರು ಆಶ್ರಮದವರೂ ಜೀವಿಸುವರೆಂದು ಮನುವು ಹೇಳಿರುವನಷ್ಟೆ. ದುಡಿದು, ಬೇಯಿಸಿ, ಹಂಚುವ ಗೃಹಸ್ಥನು ಕಾಡಿನಲ್ಲಿ ಯಾರೆಂದರೆ ಹಸುರು ಮರ. ದೊಡ್ಡ ಸಂಸಾರವುಳ್ಳ ಮನೆಯಲ್ಲಿ ಒಂದು ತುತ್ತು ಹೆಚ್ಚಿಗೆ ಬೇಯುವುದು. ಆ ತುತ್ತಿನಿಂದ ಬದುಕುವವರು ಯಾರೆಂದು ಯಜಮಾನನಿಗೆ ತಿಳಿಯದೆಯೂ ಇರಬಹುದು. ಥಿಸ್ಮಿಯಾ ತಿನ್ನುವುದು ಅಷ್ಟನ್ನೇ. ಕೆಲವೇ ಅಂಗುಲದ ಗಿಡವೊಂದರ ಊಟದಿಂದ ನೂರಡಿ ಎತ್ತರದ ಮರವು ಬಡವಾಗುವುದಿಲ್ಲ. ಆದರೆ ಸಂಸಾರ ಒಡೆದು ಒಲೆ ಆರಿದ ದಿನ ಮೊದಲು ಹಸಿಯುವವರು ಆಶ್ರಿತರೇ. ಕಾಡಿನಲ್ಲಿಯೂ ಹಾಗೆಯೇ. ಮರ, ಶಿಲೀಂಧ್ರ, ತರಗೆಲೆ, ನೆರಳು, ತೇವ, ನೊರಜು ಇವಿಷ್ಟೂ ಒಟ್ಟಿಗಿದ್ದರೆ ಮಾತ್ರ ಈ ಗಿಡ ಉಂಟು. ಯಾವುದೊಂದು ತಪ್ಪಿದರೂ ಇಲ್ಲ. ಕುಂಡದಲ್ಲಿ ನೆಟ್ಟು ನೀರೆರೆದು ಉಳಿಸಿಕೊಳ್ಳುವ ಸಸಿಯಲ್ಲ ಇದು. ಇದರ ಪರಿಣಾಮವು ಎಂತಹುದೆಂಬುದಕ್ಕೆ ಮೂರು ದೇಶಗಳ ಮೂರು ಸಂಗತಿಗಳನ್ನು ಹೇಳುವೆವು.

ಮೊದಲನೆಯದು ಅಮೆರಿಕದ್ದು. ೧೯೧೨ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ನಾರ್ಮಾ ಎಟ್ಟಾ ಫೈಫರ್ ಎಂಬ ತರುಣಿಯು ಆ ನಗರದ ಅಂಚಿನಲ್ಲಿ, ಕ್ಯಾಲುಮೆಟ್ ಸರೋವರದ ಬಳಿಯ ಜೌಗು ಹುಲ್ಲುಗಾವಲಿನಲ್ಲಿ, ಅರ್ಧ ಅಂಗುಲದಷ್ಟು ಗಾತ್ರದ ಬೆಳ್ಳನೆಯ ಹೂವೊಂದನ್ನು ಕಂಡಳು. ಅದು ಥಿಸ್ಮಿಯಾ ಕುಲಕ್ಕೆ ಸೇರಿದ ಹೊಸ ಜಾತಿ. ಇದರ ಬಂಧುಗಳೆಲ್ಲ ಉಷ್ಣದೇಶಗಳಲ್ಲಿಯೋ, ರೂಪದಲ್ಲಿ ಅತಿ ಸಮೀಪವಾದುದು ಭೂಗೋಳದ ಆಚೆಯ ಬದಿಯ ಟಾಸ್ಮೇನಿಯಾ ಮತ್ತು ನ್ಯೂಜಿಲೆಂಡುಗಳಲ್ಲಿಯೋ ಇರಲಾಗಿ, ಇದೊಂದು ಮಾತ್ರ ಹಿಮ ಬೀಳುವ ಷಿಕಾಗೋವಿಗೆ ಹೇಗೆ ಬಂತೆಂಬುದು ದೊಡ್ಡ ಒಗಟಾಯಿತು. ಫೈಫರಳು ಇದರ ಮೇಲೆಯೇ ಪ್ರಬಂಧವನ್ನು ಬರೆದು ಪದವಿಯನ್ನು ಪಡೆದಳು. ೧೯೧೪ರಲ್ಲಿ ಜಾತಿಯ ವರ್ಣನೆ ಪ್ರಕಟವಾಯಿತು. ೧೯೧೬ರ ತನಕ ಗಿಡವು ಆ ಜಾಗದಲ್ಲಿ ಕಂಡಿತು. ಆಮೇಲೆ ಯಾರೂ ಅದನ್ನು ನೋಡಿಲ್ಲ. ಆ ಪ್ರದೇಶವನ್ನು ಕಾರ್ಖಾನೆಗಳು ಆಕ್ರಮಿಸಿದುವು. ೧೯೯೧ರಲ್ಲಿ ಸಸ್ಯಪ್ರೇಮಿಗಳು ಗುಂಪುಗೂಡಿ, ಉಳಿದಿರುವ ಹುಲ್ಲುಗಾವಲುಗಳಲ್ಲಿ ಮೊಣಕಾಲೂರಿ ಹುಡುಕಿದರು, ಫಲವಾಗಲಿಲ್ಲ. ಕಂಡುಹಿಡಿದಾಕೆ ನೂರು ವರ್ಷ ಬಾಳಿ ೧೯೮೯ರಲ್ಲಿ ತೀರಿಕೊಂಡಳು. ಆಕೆಯು ಹೆಸರಿಟ್ಟ ಹೂವಾದರೋ ಲೋಕದ ಕಣ್ಣಿಗೆ ಬಿದ್ದದ್ದು ಐದೇ ವರ್ಷ. ಅದು ಲೋಪವಾಗಿದೆಯೆಂದೇ ಬಹುಮಂದಿ ಪಂಡಿತರ ಅಭಿಪ್ರಾಯ.

ಎರಡನೆಯದು ಬೋರ್ನಿಯೋ ದ್ವೀಪದ್ದು. ೧೮೬೬ರಲ್ಲಿ ಒದೊಆರ್ದೊ ಬೆಕ್ಕಾರಿ ಎಂಬ ಇಟಲಿಯ ಸಂಚಾರಿಯು ಸರವಾಕ್ ಪ್ರಾಂತದ ಬೆಟ್ಟಗಾಡಿನಲ್ಲಿ ಒಂದು ಜಾತಿಯನ್ನು ಕಂಡು, ಚಿತ್ರ ಬರೆದುಕೊಂಡು, ೧೮೭೮ರಲ್ಲಿ ಪ್ರಕಟಿಸಿದನು. ಅದಕ್ಕೆ ರೋಮನರ ಸಮುದ್ರದೇವತೆಯಾದ ನೆಪ್ಚೂನನ ಹೆಸರನ್ನು ಇಟ್ಟನು. ಆ ಚಿತ್ರವೊಂದನ್ನು ಬಿಟ್ಟರೆ ಮುಂದೆ ಅದನ್ನು ಕಂಡವರಿಲ್ಲ. ೨೦೧೭ರಲ್ಲಿ ಚೆಕ್ ದೇಶದ ಶೋಧಕರು ಅದೇ ಬೆಟ್ಟದ ಕಾಡಿನಲ್ಲಿ ಆ ಹೂವನ್ನು ಪುನಃ ಕಂಡು, ಮೊದಲ ಬಾರಿಗೆ ಅದರ ಛಾಯಾಚಿತ್ರವನ್ನು ತೆಗೆದರು. ನಡುವೆ ಸಂದದ್ದು ೧೫೧ ವರ್ಷ. ಕಾಡು ಉಳಿದಿತ್ತು, ಆದುದರಿಂದ ಹೂವೂ ಉಳಿದಿತ್ತು.

ಮೂರನೆಯದು ಜಪಾನಿನದು. ೧೯೯೨ರಲ್ಲಿ ಕೋಬೆ ನಗರದಲ್ಲಿ ಒಂದು ಥಿಸ್ಮಿಯಾ ಕಂಡುಬಂದಿತು. ಅದು ಯಾವ ಜಾತಿಯೆಂದು ನಿರ್ಧಾರವಾಗುವುದಕ್ಕೆ ಮುಂಚೆಯೇ, ೧೯೯೯ರ ವೇಳೆಗೆ, ಆ ಸ್ಥಳವು ಕೈಗಾರಿಕೆಯ ಕಟ್ಟಡಗಳಿಗಾಗಿ ನಾಶವಾಯಿತು. ಗಿಡವು ಅಳಿಯಿತೆಂದು ಪಟ್ಟಿಯಲ್ಲಿ ಬರೆದರು. ಕಾದಿಟ್ಟಿದ್ದ ಮಾದರಿಯನ್ನು ಪರೀಕ್ಷಿಸಿ ಕೆಂಜಿ ಸುವೆತ್ಸುಗು ಎಂಬ ಪಂಡಿತರೂ ಅವರ ಸಂಗಡಿಗರೂ ಇದು ಹೊಸ ಜಾತಿಯೆಂದು ೨೦೧೮ರಲ್ಲಿ ಹೆಸರಿಟ್ಟರು. ಎಂದರೆ ನಾಮಕರಣಕ್ಕಿಂತ ಮೊದಲೇ ಮರಣಪತ್ರ ಬರೆದಂತಾಗಿತ್ತು. ಆದರೆ ೨೦೨೧ರಲ್ಲಿ, ಮೊದಲು ದೊರೆತ ಸ್ಥಳದಿಂದ ಸುಮಾರು ೩೦ ಕಿಲೋಮೀಟರು ದೂರದ ಸಾಂಡಾ ಎಂಬ ಊರಿನ ಕಾಡಿನಲ್ಲಿ ಅದೇ ಜಾತಿಯ ಗಿಡಗಳು ಸಿಕ್ಕಿದುವು. ಈ ಸುದ್ದಿ ೨೦೨೩ರಲ್ಲಿ ಪ್ರಕಟವಾಯಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಹೂವನ್ನು ಯಾರೂ ಕಿತ್ತು ನಾಶಮಾಡಲಿಲ್ಲ. ಷಿಕಾಗೋವಿನಲ್ಲಿಯೂ ಕೋಬೆಯಲ್ಲಿಯೂ ಅದರ ಕಾಲಡಿಯ ನೆಲವು ಹೋಯಿತು. ಹುಲಿಯನ್ನೋ ಆನೆಯನ್ನೋ ಉಳಿಸಬೇಕೆಂದರೆ ಜನರ ಮನಸ್ಸು ಕರಗುವುದು. ಏಕೆಂದರೆ ಅವು ಕಣ್ಣಿಗೆ ಕಾಣುವುವು. ವರ್ಷದಲ್ಲಿ ಹನ್ನೊಂದು ತಿಂಗಳು ನೆಲದೊಳಗೇ ಇರುವ, ಮೇಲೆ ಬಂದರೂ ತರಗೆಲೆಯ ಕೆಳಗೆ ಅಡಗುವ ಗಿಡದ ಪರವಾಗಿ ಸಾಕ್ಷಿ ಹೇಳುವವರು ಯಾರು? ಇದ್ದುದೇ ತಿಳಿಯದವರಿಗೆ ಹೋದುದು ಹೇಗೆ ತಿಳಿಯಬೇಕು?

ಈ ಪ್ರಶ್ನೆ ದೂರದೇಶದ್ದಷ್ಟೇ ಅಲ್ಲ. ೨೦೧೭ರಲ್ಲಿ ಕೇರಳದ ಶೋಧಕರು ಸಹ್ಯಾದ್ರಿಯ ಕಾಡಿನಲ್ಲಿ ದೊರೆತ ಒಂದು ಹೊಸ ಥಿಸ್ಮಿಯಾವನ್ನು ವರ್ಣಿಸಿ, ಅದಕ್ಕೆ ‘ಸಹ್ಯಾದ್ರಿಕ’ ಎಂದೇ ಹೆಸರಿಟ್ಟಿರುವರು. ಆ ಪರ್ವತಶ್ರೇಣಿಯೇ ನಮ್ಮ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಸೀಮೆಗಳ ಮೂಲಕ ಹಾದುಹೋಗುವುದು. ಶಿಲೀಂಧ್ರವನ್ನುಂಡು ಬದುಕುವ ಎಲೆಯಿಲ್ಲದ ಸೀತೆದಂಡೆಯ ಜಾತಿಯ ಗಿಡಗಳೂ ಪಶ್ಚಿಮಘಟ್ಟದ ಕಾಡುಗಳಲ್ಲಿ ಉಂಟು. ದಟ್ಟನೆಯ ನೆರಳು, ಕದಲದ ತರಗೆಲೆಯ ಹಾಸು, ಇವು ಇರುವಲ್ಲಿ ಇಂತಹ ಜೀವಗಳಿಗೆ ಆಸ್ಪದವಿರುವುದು. ಮರಗಳನ್ನು ಕಡಿದು ಆಮೇಲೆ ಒಂದಕ್ಕೆ ಹತ್ತು ಸಸಿ ನೆಟ್ಟರೆ ಲೆಕ್ಕ ಸರಿಹೋಯಿತೆಂದು ಹೇಳುವವರುಂಟು. ಲೆಕ್ಕದಲ್ಲಿ ಮರವು ಸರಿಹೋದೀತು. ಆದರೆ ಆ ನೆಲದೊಳಗೆ ಬಹುಕಾಲದಿಂದ ಹೆಣೆದುಕೊಂಡು ಬಂದ ಎಳೆಗಳ ಬಲೆಯನ್ನೂ, ಅದನ್ನು ನಂಬಿದ ಆಶ್ರಿತರನ್ನೂ ಸಸಿಯ ಸಂಗಡ ನೆಡಲು ಬರುವುದಿಲ್ಲ.

ಗೃಹಸ್ಥರಾದ ನಮ್ಮ ಓದುಗರು ಇದರಲ್ಲಿ ಮಾಡಬಹುದಾದ ಕಾರ್ಯ ಸಣ್ಣದು, ಆದರೆ ಇಲ್ಲದೆ ಇಲ್ಲ. ಮಲೆನಾಡಿನಲ್ಲಿ ಗೊಬ್ಬರಕ್ಕೂ ಹೊದಿಕೆಗೂ ಬೆಟ್ಟದಿಂದ ದರಗು ಗುಡಿಸಿ ತರುವ ವಾಡಿಕೆಯವರು, ತೊರೆಯಂಚಿನ ತಂಪುಜಾಗಗಳನ್ನಾದರೂ ಗುಡಿಸದೆ ಬಿಡಬಹುದು. ಮಳೆಗಾಲದಲ್ಲಿ ದೇವರಕಾಡಿಗೋ ಬೆಟ್ಟಕ್ಕೋ ಮಕ್ಕಳೊಡನೆ ಹೋದಾಗ, ಮೇಲೆ ನೋಡುವಷ್ಟೇ ಗಮನದಿಂದ ಕಾಲಬುಡವನ್ನೂ ನೋಡಬಹುದು. ಹಸುರಿಲ್ಲದ ಹೂವೊಂದು ಕಂಡರೆ ಅಣಬೆಯೆಂದು ತುಳಿಯದೆ, ಅಪರೂಪದ್ದೆಂದು ಕೀಳದೆ, ಇಂದು ಎಲ್ಲರ ಕೈಯಲ್ಲಿಯೂ ಇರುವ ಫೋನಿನಿಂದ ಚಿತ್ರ ತೆಗೆದು, ದಿನವನ್ನೂ ಸ್ಥಳವನ್ನೂ ಬರೆದಿಟ್ಟು, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತಿಳಿಸಬಹುದು. ಕಿತ್ತು ತಂದ ಗಿಡವು ಮನೆಯ ಅಂಗಳದಲ್ಲಿ ಬದುಕುವುದಿಲ್ಲ. ಅದರ ಅಡಿಗೆಮನೆ ಕಾಡಿನಲ್ಲಿಯೇ ಉಳಿದಿರುವುದು.

ಇದರಿಂದ ನಮಗೇನು ಲಾಭವೆಂದು ಕೇಳುವವರಿಗೆ ಉತ್ತರವಿಷ್ಟೆ. ಈ ಹೂವಿನಿಂದ ಎಣ್ಣೆ ಬರುವುದಿಲ್ಲ, ಇದನ್ನು ದೇವರಿಗೆ ಮುಡಿಸುವುದೂ ಇಲ್ಲ. ಆದರೆ ಇದು ಇರುವ ನೆಲವು ಕೆಡದೆ ಇರುವ ನೆಲವೆಂಬುದಕ್ಕೆ ಇದೇ ಗುರುತು. ನಮ್ಮ ಹೊಲದ ತೆನೆಯನ್ನೂ ತೋಟದ ಗೊನೆಯನ್ನೂ ಪೋಷಿಸುವ ಆ ಕಾಣದ ಎಳೆಗಳು ಇಲ್ಲಿ ಹೂವಿನ ರೂಪದಲ್ಲಿ ಒಮ್ಮೆ ನೆಲದ ಮೇಲೆ ಬಂದು ತಮ್ಮ ಇರವನ್ನು ತೋರಿಸುವುವು. ಅಷ್ಟು ತೋರಿಸಿದ್ದನ್ನು ನೋಡಿ ತಿಳಿದುಕೊಳ್ಳುವುದು, ಆ ನೆಲವನ್ನು ಹಾಗೆಯೇ ಇರಗೊಡುವುದು, ಇಷ್ಟನ್ನು ನಮ್ಮ ಮಕ್ಕಳಿಗೆ ಕಲಿಸಿದರೆ ಸಾಕು.